ಕಿಡ್ನಿಗೆ ಬಾಳೆದಿಂಡಿನ ರಸ: ಅಮೃತವೋ, ಆಪತ್ತೋ?

* ಕಲ್ಲು ಕರಗಿಸುವ ಮದ್ದು ಸೋತ ಕಿಡ್ನಿಗೆ ಆಗಿಬರುವುದಿಲ್ಲ
* ಎಳನೀರೂ ಅಳತೆ ಮೀರಿದರೆ ಹೃದಯಕ್ಕೆ ಕುತ್ತು
* ಪುಡಿ ಪೊಟ್ಟಣ ಬಚ್ಚಿಡಬೇಡಿ, ಡಾಕ್ಟರರಿಗೆ ತೋರಿಸಿ

ಉಡುಮಲೈಪೇಟೆ: ಬೆಳಗ್ಗೆ ಆರು ಗಂಟೆ. ಉಳವರ್ ಸಂದೈಗೆ ತರಕಾರಿ ಗಾಡಿಗಳು ಬಂದು ನಿಲ್ಲುವ ಹೊತ್ತು. ವಾಕಿಂಗ್ ಮುಗಿಸಿ ಬರುವವರಿಗಾಗಿ ರಸ್ತೆ ಬದಿಯಲ್ಲಿ ಸ್ಟೀಲ್ ಪಾತ್ರೆಗಳು ಸಾಲಾಗಿ ಕೂತಿರುತ್ತವೆ. ಒಂದರಲ್ಲಿ ಗರಿಕೆ ರಸ, ಒಂದರಲ್ಲಿ ಬಾಳೆದಿಂಡಿನ ರಸ, ಮತ್ತೊಂದರಲ್ಲಿ ನೆಲ್ಲಿಕಾಯಿ ರಸ. ಪಕ್ಕದಲ್ಲೇ ಎಳನೀರಿನ ರಾಶಿ. ಸಕ್ಕರೆ ಕಾಯಿಲೆಗೆ ಒಂದು, ಬಿ.ಪಿ.ಗೆ ಒಂದು, ಕಿಡ್ನಿಗೆ ಒಂದು ಎಂದು ಲೋಟ ಲೆಕ್ಕದಲ್ಲಿ ವ್ಯಾಪಾರ ನಡೆಯುತ್ತದೆ. ಕುಡಿದವರು ಹಗುರಾದ ಮನಸ್ಸಿನಿಂದ ಮನೆಗೆ ಹೋಗುತ್ತಾರೆ.

ಆರೋಗ್ಯವಂತರಿಗೆ ಇದರಿಂದ ದೊಡ್ಡ ತೊಂದರೆಯೇನೂ ಇಲ್ಲ. ಆದರೆ ಆ ಸಾಲಿನಲ್ಲಿ ನಿಂತಿರುವವರಲ್ಲಿ ಕಿಡ್ನಿ ಅರ್ಧಕ್ಕರ್ಧ ಸೋತವರೂ ಇರಬಹುದು. ಎಷ್ಟೋ ಸಲ ಅದು ಅವರಿಗೇ ಗೊತ್ತಿರುವುದಿಲ್ಲ. ಗೊತ್ತಿದ್ದವರು ಇನ್ನೂ ನಾಲ್ಕು ಲೋಟ ಹೆಚ್ಚು ಕುಡಿಯುತ್ತಾರೆ. ಸಮಸ್ಯೆ ಇರುವುದು ಇಲ್ಲೇ.

2009ರವರೆಗೆ ಕೊಯಮತ್ತೂರು ಜಿಲ್ಲೆಯಲ್ಲಿದ್ದು, ಆಮೇಲೆ ಹೊಸ ತಿರುಪ್ಪೂರು ಜಿಲ್ಲೆಗೆ ಸೇರಿದ ಈ ಪೇಟೆ ಮತ್ತು ಸುತ್ತಲ ಊರುಗಳಲ್ಲಿ ಮನೆಯೊಳಗೆ ಕನ್ನಡ ಮಾತಾಡುವ ದೇವಾಂಗ ನೇಕಾರ ಕುಟುಂಬಗಳೂ ಒಕ್ಕಲು ಮನೆತನಗಳೂ ತಲೆಮಾರುಗಳಿಂದ ಬಾಳುತ್ತಿವೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಲ್ಯಾಬ್ ರಿಪೋರ್ಟಿನಲ್ಲಿ ಇಂಗ್ಲಿಷ್. ಈ ಮೂರು ಭಾಷೆಗಳ ನಡುವೆ ಕಿಡ್ನಿ ಕಾಯಿಲೆಯ ವಿಷಯ ಬಂದಾಗ ಒಂದಿಷ್ಟು ಮಾತು ಸೋರಿಹೋಗುತ್ತದೆ.

ಒಂದು ಮನೆಯ ಮಾತು

ಮುಂದಿನದು ಯಾವುದೋ ಒಂದು ಮನೆಯ ಕತೆಯಲ್ಲ. ಇಲ್ಲಿನ ಯಾವ ಓಣಿಯಲ್ಲಾದರೂ ಕಾಣಬಹುದಾದ ಚಿತ್ರ. ಮನೆಯ ಯಜಮಾನರಿಗೆ 56 ವರ್ಷ. ಮಗ್ಗದ ಮುಂದೆ ಮೂವತ್ತು ವರ್ಷ ಕೂತವರು. ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ, ಜೊತೆಗೆ ಬಿ.ಪಿ. ಕಾಲು ಊದಿಕೊಂಡಿತೆಂದು ರಕ್ತ ಪರೀಕ್ಷೆ ಮಾಡಿಸಿದರೆ ಕ್ರಿಯಾಟಿನಿನ್ 2.8. ಡಾಕ್ಟರು ಮಾತ್ರೆ ಬದಲಿಸಿ, ಉಪ್ಪು ಕಡಿಮೆ ಮಾಡಿ, ತಿಂಗಳು ಬಿಟ್ಟು ಬನ್ನಿ ಎಂದಿದ್ದಾರೆ.

ಸಂಜೆಗೆ ಸುದ್ದಿ ಓಣಿಯೆಲ್ಲ ಹರಡುತ್ತದೆ. ದೊಡ್ಡಪ್ಪ ಬರುತ್ತಾರೆ. "ದಿಂಡಿನ ರಸ ಕುಡೀಲಿ ಕಣಮ್ಮ, ನನಗೆ ಕಲ್ಲು ಇದ್ದಾಗ ಹದಿನೈದು ದಿನಕ್ಕೆ ಹೋಯ್ತು" ಎನ್ನುತ್ತಾರೆ. ಅತ್ತಿಗೆ ಪಳನಿ ರಸ್ತೆಯ ಕಡೆಯಿಂದ ಯಾರೋ ಕೊಟ್ಟ ಪುಡಿ ಪೊಟ್ಟಣ ತರುತ್ತಾರೆ. ತೋಟದ ಭಾವ ಎಳನೀರಿನ ಗೊನೆಯನ್ನೇ ಇಳಿಸಿ ಕಳಿಸುತ್ತಾನೆ. ಎಲ್ಲರದೂ ಪ್ರೀತಿಯೇ. ಯಾರ ಮನಸ್ಸಲ್ಲೂ ಕೆಟ್ಟದ್ದಿಲ್ಲ.

"ಇಷ್ಟೆಲ್ಲ ಮಾತ್ರೆ ನುಂಗಿ ನುಂಗಿಯೇ ಕಿಡ್ನಿ ಹೋಗಿದ್ದು. ಒಂದು ತಿಂಗಳು ಮಾತ್ರೆ ನಿಲ್ಲಿಸಿ ನೋಡೋಣ" ಎಂಬ ಮಾತೂ ಬರುತ್ತದೆ. ಅಪಾಯದ ಬಾಗಿಲು ತೆರೆಯುವುದು ಈ ಕೊನೆಯ ಮಾತಿನಿಂದ.

ಕಲ್ಲು ಬೇರೆ, ಕಿಡ್ನಿ ಸೋಲು ಬೇರೆ

"ಕಿಡ್ನಿ ಪ್ರಾಬ್ಲಂ" ಎಂಬ ಒಂದೇ ಮಾತಿನಲ್ಲಿ ಎರಡು ಬೇರೆ ಬೇರೆ ಕಾಯಿಲೆಗಳು ಸೇರಿಹೋಗಿವೆ. ಒಂದು, ಮೂತ್ರಪಿಂಡದ ಕಲ್ಲು. ವಿಪರೀತ ನೋವು ಕೊಡುತ್ತದೆ, ಚಿಕ್ಕದಾಗಿದ್ದರೆ ನೀರು ಹೆಚ್ಚು ಕುಡಿದಾಗ ಎಷ್ಟೋ ಸಲ ತಾನೇ ಹೊರಬೀಳುತ್ತದೆ. ಇನ್ನೊಂದು, ದೀರ್ಘಕಾಲದ ಕಿಡ್ನಿ ಕಾಯಿಲೆ. ಇದರಲ್ಲಿ ನೋವಿಲ್ಲ. ಸದ್ದಿಲ್ಲದೆ ವರ್ಷಗಟ್ಟಲೆ ಸವೆಯುತ್ತದೆ.

ಪ್ರತಿ ಮೂತ್ರಪಿಂಡದಲ್ಲಿ ಸುಮಾರು 10 ಲಕ್ಷ ಸೂಕ್ಷ್ಮ ಸೋಸುಗಗಳಿರುತ್ತವೆ. ಎರಡೂ ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸಿ, ಬೇಕಾದದ್ದನ್ನು ಮತ್ತೆ ರಕ್ತಕ್ಕೆ ಕಳಿಸಿ, ಒಂದೂವರೆ ಎರಡು ಲೀಟರನ್ನು ಮಾತ್ರ ಮೂತ್ರವಾಗಿ ಹೊರಹಾಕುತ್ತವೆ. ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡ ಈ ಸೋಸುಗಗಳನ್ನು ಒಂದೊಂದಾಗಿ ಕೆಡಿಸುತ್ತಾ ಹೋಗುತ್ತವೆ. ಗಾಯವಾಗಿ ಒಣಗಿ ಗಟ್ಟಿಯಾದ ಸೋಸುಗ ಮತ್ತೆ ಚಿಗುರುವುದಿಲ್ಲ. ಉಳಿದವನ್ನು ಕಾಪಾಡಿಕೊಳ್ಳುವುದೇ ಚಿಕಿತ್ಸೆಯ ಗುರಿ.

ಸೋಸುವ ವೇಗವನ್ನು ಇ-ಜಿಎಫ್‌ಆರ್ ಎಂಬ ಅಂಕಿಯಿಂದ ಅಳೆಯುತ್ತಾರೆ. 90ಕ್ಕಿಂತ ಹೆಚ್ಚಿದ್ದರೆ ಸರಿ. ಮೂರು ತಿಂಗಳಿಗೂ ಮೀರಿ 60ಕ್ಕಿಂತ ಕೆಳಗಿದ್ದರೆ ದೀರ್ಘಕಾಲದ ಕಿಡ್ನಿ ಕಾಯಿಲೆ ಎಂದರ್ಥ. 15ಕ್ಕಿಂತ ಕೆಳಗೆ ಹೋದರೆ ಡಯಾಲಿಸಿಸ್ ಅಥವಾ ಕಸಿಯ ಮಾತು ಬರುತ್ತದೆ. ಮೇಲೆ ಹೇಳಿದ 56ರ ಯಜಮಾನರ ಕ್ರಿಯಾಟಿನಿನ್ 2.8 ಎಂದರೆ ಅವರ ಇ-ಜಿಎಫ್‌ಆರ್ ಸುಮಾರು 26. ಅಂದರೆ ಐದು ಹಂತಗಳಲ್ಲಿ ನಾಲ್ಕನೆಯದು. ಇಂಥ ಕಿಡ್ನಿಗೆ ಕಲ್ಲಿನ ಮದ್ದು ಕೊಡುವುದೆಂದರೆ ಸುಸ್ತಾದ ಎತ್ತಿಗೆ ಇನ್ನೆರಡು ಮೂಟೆ ಹೇರಿದಂತೆ.

ಎಳನೀರು ನಾಡಿನಲ್ಲಿ ಎಚ್ಚರದ ಮಾತು

ಪೊಳ್ಳಾಚಿಯಿಂದ ಉಡುಮಲೈವರೆಗೆ ರಸ್ತೆಯ ಎರಡೂ ಕಡೆ ತೆಂಗಿನ ತೋಟಗಳೇ. ಇಲ್ಲಿನ ಎಳನೀರು ಲಾರಿಗಟ್ಟಲೆ ದೂರದ ನಗರಗಳಿಗೆ ಹೋಗುತ್ತದೆ. ಬಿಸಿಲಲ್ಲಿ ದಣಿದವನಿಗೆ ಅದಕ್ಕಿಂತ ಒಳ್ಳೆಯ ಪಾನೀಯ ಇಲ್ಲ. ಆದರೆ 100 ಮಿಲಿಲೀಟರ್ ಎಳನೀರಿನಲ್ಲಿ 200ರಿಂದ 250 ಮಿಲಿಗ್ರಾಂ ಆಸುಪಾಸಿನಲ್ಲಿ ಪೊಟ್ಯಾಸಿಯಂ ಇರುತ್ತದೆ. ದೊಡ್ಡ ಕಾಯಿ ಎರಡು ಕುಡಿದರೆ ಒಂದು ಗ್ರಾಂ ಮೀರುವುದು ಸುಲಭ.

ಒಳ್ಳೆಯ ಕಿಡ್ನಿ ಹೆಚ್ಚಾದ ಪೊಟ್ಯಾಸಿಯಂ ಅನ್ನು ಕೆಲವೇ ಗಂಟೆಗಳಲ್ಲಿ ಹೊರಹಾಕುತ್ತದೆ. ಸೋತ ಕಿಡ್ನಿಗೆ ಅದು ಆಗದು. ರಕ್ತದಲ್ಲಿ ಪೊಟ್ಯಾಸಿಯಂ ಸಾಮಾನ್ಯವಾಗಿ 3.5ರಿಂದ 5ರ ಒಳಗಿರಬೇಕು. 6 ದಾಟಿದರೆ ಹೃದಯದ ಬಡಿತ ಏರುಪೇರಾಗುವ ಭಯ. ಇನ್ನೂ ಏರಿದರೆ ಹೃದಯ ನಿಂತೇಹೋಗಬಹುದು. ಇದಕ್ಕೆ ಮುನ್ಸೂಚನೆ ಕಡಿಮೆ. ಕೈಕಾಲು ಸೋತಂತಾಗುವುದು, ಎದೆ ಡವಡವ ಎನ್ನುವುದು, ಅಷ್ಟೇ. ಕೆಲವರಿಗೆ ಅದೂ ಇರುವುದಿಲ್ಲ.

ಇನ್ನೊಂದು ಸಂಗತಿ. ಕಿಡ್ನಿ ಕಾಪಾಡಲೆಂದು ಕೊಡುವ ಟೆಲ್ಮಿಸಾರ್ಟಾನ್, ಲೋಸಾರ್ಟಾನ್, ರಾಮಿಪ್ರಿಲ್ ಜಾತಿಯ ಬಿ.ಪಿ. ಮಾತ್ರೆಗಳು ಪೊಟ್ಯಾಸಿಯಂ ಅನ್ನು ತುಸು ಏರಿಸುತ್ತವೆ. ಮಾತ್ರೆಯೂ ಬೇಕು, ಅದರ ಜೊತೆ ದಿನವೂ ಎಳನೀರು, ಬಾಳೆದಿಂಡಿನ ರಸ, ಹಣ್ಣಿನ ರಸ ಸೇರಬಾರದು. ಬಾಳೆದಿಂಡಿನಲ್ಲೂ ಪೊಟ್ಯಾಸಿಯಂ ಧಾರಾಳ. ಪಲ್ಯ ಮಾಡಿ ಅಪರೂಪಕ್ಕೆ ಒಂದು ಹಿಡಿ ತಿನ್ನುವುದು ಬೇರೆ, ಎರಡು ಅಡಿ ದಿಂಡನ್ನು ಅರೆದು ಹಿಂಡಿ ಬರಿಹೊಟ್ಟೆಗೆ ಕುಡಿಯುವುದು ಬೇರೆ.

ಅಂಗಡಿಗಳಲ್ಲಿ "ಕಡಿಮೆ ಸೋಡಿಯಂ ಉಪ್ಪು" ಎಂದು ಸಿಗುವ ಪೊಟ್ಟಣಗಳದೂ ಇದೇ ಕತೆ. ಸೋಡಿಯಂ ತೆಗೆದ ಜಾಗದಲ್ಲಿ ಪೊಟ್ಯಾಸಿಯಂ ಸೇರಿಸಿರುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2025ರ ಜನವರಿಯಲ್ಲಿ ಇಂಥ ಉಪ್ಪಿನ ಬಗ್ಗೆ ಸಲಹೆ ಹೊರಡಿಸಿದಾಗ ಕಿಡ್ನಿ ಕಾಯಿಲೆ ಇರುವವರನ್ನು ಅದರಿಂದ ಹೊರಗಿಟ್ಟಿತು. ಬಿ.ಪಿ. ಇರುವವರಿಗೆ ಒಳ್ಳೆಯದೆಂದು ಮಗ ತಂದ ಉಪ್ಪು ಅಪ್ಪನ ಕಿಡ್ನಿಗೆ ಆಗದಿರಬಹುದು.

ಹುಳಿ ರಸ: ಕೇರಳ ಕಲಿಸಿದ ಪಾಠ

ಉಡುಮಲೈಯಿಂದ ಚಿನ್ನಾರ್ ಕಾಡು ದಾಟಿದರೆ ಮರಯೂರು, ಕೇರಳ. ಅಲ್ಲಿನ ಹಿತ್ತಲುಗಳಲ್ಲಿ ಬಿಂಬುಳಿ ಮರ ಸಾಮಾನ್ಯ. ಮಲಯಾಳಿಗಳು ಇರುಂಬನ್ ಪುಳಿ ಎನ್ನುತ್ತಾರೆ. ಮೀನು ಸಾರಿಗೆ ಎರಡು ಕಾಯಿ ಹಾಕಿದರೆ ಏನೂ ಆಗದು. ಆದರೆ ಕೊಲೆಸ್ಟರಾಲ್ ಇಳಿಯುತ್ತದೆಂಬ ಮಾತು ಹಬ್ಬಿ, ಜನ ಅದರ ರಸವನ್ನು ಲೋಟದಲ್ಲಿ ಕುಡಿಯತೊಡಗಿದರು. ಹಾಗೆ ಕುಡಿದು ಕಿಡ್ನಿ ಹಠಾತ್ತನೆ ಕೈಕೊಟ್ಟ 10 ಮಂದಿಯ ವಿವರವನ್ನು ಕೇರಳದ ಐದು ಆಸ್ಪತ್ರೆಗಳ ವೈದ್ಯರು 2013ರಲ್ಲಿ ಭಾರತೀಯ ಮೂತ್ರಪಿಂಡ ತಜ್ಞರ ಪತ್ರಿಕೆಯಲ್ಲಿ ಪ್ರಕಟಿಸಿದರು. ಅವರಲ್ಲಿ 7 ಮಂದಿಗೆ ಡಯಾಲಿಸಿಸ್ ಬೇಕಾಯಿತು.

ಕಾರಣ ಆಕ್ಸಲೇಟ್ ಎಂಬ ಹುಳಿಲವಣ. ಅದು ಸುಣ್ಣದ ಅಂಶದ ಜೊತೆ ಸೇರಿ ಸೂಜಿಯಂಥ ಹರಳಾಗಿ ಕಿಡ್ನಿಯ ನಾಳಗಳಲ್ಲಿ ಕೂರುತ್ತದೆ. ಅದೇ ಕುಲದ ಕಮರಾಕ್ಷಿ ಹಣ್ಣು, ಅಂದರೆ ಸ್ಟಾರ್ ಫ್ರೂಟ್, ಕಿಡ್ನಿ ಸೋತವರಿಗೆ ಇನ್ನೂ ಅಪಾಯಕಾರಿ. ಅದರಲ್ಲಿ ನರಗಳಿಗೆ ತಾಗುವ ಕ್ಯಾರಂಬಾಕ್ಸಿನ್ ಎಂಬ ವಿಷವಸ್ತು ಇರುವುದನ್ನು ಬ್ರೆಜಿಲ್ ವಿಜ್ಞಾನಿಗಳು 2013ರಲ್ಲಿ ಗುರುತಿಸಿದರು. ಮೊದಲು ನಿಲ್ಲದ ಬಿಕ್ಕಳಿಕೆ, ಆಮೇಲೆ ಮಂಕು, ಫಿಟ್ಸ್, ಸಾವು ಸಹ ಉಂಟು. ಡಯಾಲಿಸಿಸ್‌ನಲ್ಲಿರುವವರಿಗೆ ಒಂದೇ ಹಣ್ಣು ಸಾಕಾದ ಉದಾಹರಣೆಗಳಿವೆ.

ಪಾಲಕ್ ಸೊಪ್ಪನ್ನು ಹಸಿಯಾಗಿ ಮಿಕ್ಸಿಗೆ ಹಾಕಿ ದಿನವೂ ಕುಡಿಯುವುದು, ವಿಟಮಿನ್ ಸಿ ಮಾತ್ರೆಯನ್ನು ಗ್ರಾಂಗಟ್ಟಲೆ ನುಂಗುವುದು, ಇವೂ ಆಕ್ಸಲೇಟ್ ಹೆಚ್ಚಿಸುವ ದಾರಿಗಳೇ.

ಬೇರು, ನಾರು, ಪುಡಿ

ಕೊಂಗುನಾಡಿನಲ್ಲಿ ಪೊಂಗಲ್ ಮುನ್ನಾದಿನ ಬೇವಿನ ಎಲೆ, ಆವರಿಕೆ ಹೂವಿನ ಜೊತೆ ಸಿರುಪೀಳೈ ಹೂವನ್ನೂ ಸೇರಿಸಿ ಮನೆಬಾಗಿಲಿಗೆ ಕಾಪು ಕಟ್ಟುತ್ತಾರೆ. ಆ ಸಿರುಪೀಳೈ, ಬದುವಿನ ನೆರುಂಜಿಲ್ ಅಂದರೆ ನಮ್ಮ ನೆಗ್ಗಿಲು, ಮೂಕ್ಕಿರಟ್ಟೈ ಅಂದರೆ ಪುನರ್ನವ, ಇವೆಲ್ಲ ಮೂತ್ರದ ತೊಂದರೆಗೆಂದು ಹಿರಿಯರು ಬಳಸಿಕೊಂಡು ಬಂದ ಗಿಡಗಳು. ಆಯುರ್ವೇದ, ಸಿದ್ಧ ಎರಡರಲ್ಲೂ ಇವುಗಳಿಗೆ ಸ್ಥಾನವಿದೆ. ಸಣ್ಣ ಪ್ರಮಾಣದ ಅಧ್ಯಯನಗಳೂ ಪ್ರಾಣಿಗಳ ಮೇಲಿನ ಪ್ರಯೋಗಗಳೂ ನಡೆದಿವೆ. ಆದರೆ ಸಾವಿರಾರು ರೋಗಿಗಳನ್ನು ವರ್ಷಗಟ್ಟಲೆ ಗಮನಿಸಿ, ಇದು ಡಯಾಲಿಸಿಸ್ ಅನ್ನು ಮುಂದೂಡಿತು ಎಂದು ತೋರಿಸಿದ ಪುರಾವೆ ಯಾವ ಬೇರಿಗೂ ಇನ್ನೂ ಸಿಕ್ಕಿಲ್ಲ. ಇರಾನಿನ ಆರೋಗ್ಯವಂತ ಯುವಕನೊಬ್ಬ ಕಲ್ಲು ಬಾರದಿರಲೆಂದು ನೆಗ್ಗಿಲಿನ ಸಾರ ಕುಡಿದು ಕಿಡ್ನಿಗೆ ತೀವ್ರ ಪೆಟ್ಟು ಬಿದ್ದ ವರದಿ 2010ರಲ್ಲಿ ಪ್ರಕಟವಾಗಿತ್ತು. ಒಂದು ಉದಾಹರಣೆಯಿಂದ ಗಿಡವೇ ವಿಷ ಎನ್ನಲಾಗದು. ಅಳತೆಯಿಲ್ಲದ ಸಾರ ಅಪಾಯ ಎನ್ನಬಹುದು.

ನಿಜಕ್ಕೂ ವಿಷವೆಂದು ಸಾಬೀತಾದ ಗಿಡವೂ ಇದೆ. ಈಶ್ವರಿ ಬಳ್ಳಿ, ತಮಿಳಿನಲ್ಲಿ ಈಶ್ವರಮೂಲಿ, ಹಾಗೂ ಅದೇ ಕುಲದ ಆಡುತೀಂಡಾಪಾಳೈ. ಹಾವು ಕಡಿತಕ್ಕೆ, ಹುಳುಬಾಧೆಗೆ ಎಂದು ಬಳಕೆಯಲ್ಲಿದ್ದ ಈ ಕುಲದ ಗಿಡಗಳಲ್ಲಿ ಅರಿಸ್ಟೊಲೋಕಿಕ್ ಆಮ್ಲವಿದೆ. ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿ ತೂಕ ಇಳಿಸಲೆಂದು ಚೀನೀ ಮೂಲಿಕೆಯ ಮಾತ್ರೆ ತಿಂದ ಮಹಿಳೆಯರ ಕಿಡ್ನಿಗಳು ಒಂದಾದ ಮೇಲೊಂದು ಸೋತಿದ್ದು 1993ರಲ್ಲಿ ಬೆಳಕಿಗೆ ಬಂತು. ಒಂದು ಬೇರಿನ ಬದಲಿಗೆ ಈ ಕುಲದ ಮತ್ತೊಂದು ಬೇರು ಸೇರಿಬಿಟ್ಟಿತ್ತು. ಮುಂದೆ ಅಂಥವರ ಸಂಖ್ಯೆ ನೂರು ದಾಟಿತು. ಹಲವರಿಗೆ ಮೂತ್ರನಾಳದ ಕ್ಯಾನ್ಸರೂ ಬಂತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2002ರಲ್ಲೇ ಈ ಮೂಲಿಕೆಗಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ಪುಡಿಯಾದ ಮೇಲೆ ಯಾವ ಬೇರು ಯಾವುದೆಂದು ಕಣ್ಣಿಗೆ ತಿಳಿಯುವುದಿಲ್ಲ ಎಂಬುದೇ ಬ್ರಸೆಲ್ಸ್ ಪಾಠ.

ಪುಡಿಯೊಳಗಿನ ಪಾದರಸ

ಇನ್ನೊಂದು ಆತಂಕ ಲೋಹಗಳದ್ದು. ಇಂಟರ್‌ನೆಟ್‌ನಲ್ಲಿ ಮಾರಾಟವಾಗುತ್ತಿದ್ದ 193 ಆಯುರ್ವೇದ ಔಷಧಿಗಳನ್ನು ಅಮೆರಿಕದ ತಜ್ಞರು ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದ ವರದಿಯಂತೆ ಐದರಲ್ಲಿ ಒಂದರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತ್ತು. ನಮ್ಮ ಹತ್ತಿರದ ಸಾಕ್ಷ್ಯ 2022ರದ್ದು. ದಕ್ಷಿಣ ಭಾರತದ ತಜ್ಞರು ಕಿಡ್ನಿಯ ಸೋಸುಪೊರೆ ದಪ್ಪವಾಗಿ ಮೂತ್ರದಲ್ಲಿ ಪ್ರೋಟೀನ್ ಸೋರುವ ಒಂದು ಬಗೆಯ ಕಾಯಿಲೆಯ 91 ಮಂದಿಯನ್ನು ವಿಚಾರಿಸಿದಾಗ, 29 ಮಂದಿ ನಾಟಿ ಅಥವಾ ಪಾರಂಪರಿಕ ಔಷಧಿ ಸೇವಿಸುತ್ತಿದ್ದುದು ತಿಳಿಯಿತು. ಪರೀಕ್ಷಿಸಿದ ಕೆಲವು ಔಷಧಿಗಳಲ್ಲಿ ಪಾದರಸವಿತ್ತು. ಸಮಾಧಾನದ ಮಾತೆಂದರೆ, ಔಷಧಿ ನಿಲ್ಲಿಸಿದ ಮೇಲೆ ಬಹುತೇಕರ ಪ್ರೋಟೀನ್ ಸೋರಿಕೆ ಇಳಿಯಿತು. ಕೇರಳದ ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್‌ನಲ್ಲಿ 2023ರಲ್ಲಿ ಇದೇ ಕಾಯಿಲೆಯ ಬೆನ್ನು ಹತ್ತಿದ ವೈದ್ಯರಿಗೆ ಸಿಕ್ಕಿದ್ದು ಮುಖ ಬೆಳ್ಳಗಾಗಿಸುವ ಕ್ರೀಮುಗಳಲ್ಲಿನ ಪಾದರಸ.

ಇದರರ್ಥ ಎಲ್ಲ ಪಾರಂಪರಿಕ ವೈದ್ಯವೂ ಕೆಟ್ಟದ್ದೆಂದಲ್ಲ. ಕಲಿತ ಸಿದ್ಧ, ಆಯುರ್ವೇದ ವೈದ್ಯರು ಕಿಡ್ನಿ ಸೋತವರಿಗೆ ಎಲ್ಲವನ್ನೂ ಕೊಡುವುದಿಲ್ಲ. ತೊಂದರೆ ಇರುವುದು ಹೆಸರಿಲ್ಲದ, ಲೇಬಲ್ಲಿಲ್ಲದ, ಒಳಗೇನಿದೆ ಎಂದು ಕೊಟ್ಟವರಿಗೂ ಗೊತ್ತಿಲ್ಲದ ಪೊಟ್ಟಣದಲ್ಲಿ.

ಮೆಡಿಕಲ್ ಶಾಪಿನ ಡಬ್ಬಿಯೂ ಪವಿತ್ರವಲ್ಲ

ನಾಟಿ ಮದ್ದಿಗೆ ಒಂದು ನ್ಯಾಯ, ಇಂಗ್ಲಿಷ್ ಮಾತ್ರೆಗೆ ಇನ್ನೊಂದು ನ್ಯಾಯ ಆಗಬಾರದು. "ಬರೀ ವಿಟಮಿನ್ ತಾನೆ" ಎಂದು ನುಂಗುವ ಮಾತ್ರೆಗಳನ್ನೂ ಪರೀಕ್ಷೆಗೆ ಒಡ್ಡಲಾಗಿದೆ. ಸಕ್ಕರೆ ಕಾಯಿಲೆಯಿಂದ ಕಿಡ್ನಿ ಕೆಟ್ಟ 238 ಮಂದಿಯನ್ನು ಸೇರಿಸಿಕೊಂಡು ಕೆನಡಾದಲ್ಲಿ ನಡೆದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಭಾರೀ ಪ್ರಮಾಣದ ಬಿ ವಿಟಮಿನ್ ತಿಂದವರ ಕಿಡ್ನಿ, ತಿನ್ನದವರಿಗಿಂತ ಬೇಗ ಸೋತಿತ್ತು. ಹೃದಯಾಘಾತ, ಪಾರ್ಶ್ವವಾಯುಗಳೂ ಹೆಚ್ಚಿದ್ದವು. ಅಮೆರಿಕದಲ್ಲಿ 1,312 ಮಧುಮೇಹಿಗಳಿಗೆ ಐದು ವರ್ಷ ವಿಟಮಿನ್ ಡಿ ಮತ್ತು ಮೀನೆಣ್ಣೆ ಕೊಟ್ಟು ನೋಡಿದ ಅಧ್ಯಯನ 2019ರಲ್ಲಿ ಬಂತು. ಕಿಡ್ನಿಗೆ ಅದರಿಂದ ಲಾಭ ಕಾಣಲಿಲ್ಲ.

ಜಿಮ್‌ಗೆ ಹೋಗುವ ಮಗನ ಪ್ರೋಟೀನ್ ಪುಡಿಯನ್ನು ಅಪ್ಪನಿಗೂ "ಶಕ್ತಿ ಬರಲಿ" ಎಂದು ಹಾಲಿಗೆ ಹಾಕಿಕೊಡುವ ಮನೆಗಳಿವೆ. ಡಯಾಲಿಸಿಸ್‌ಗೆ ಮುಂಚಿನ ಹಂತದಲ್ಲಿರುವವರಿಗೆ ದಿನಕ್ಕೆ ದೇಹತೂಕದ ಕಿಲೋ ಒಂದಕ್ಕೆ ಸುಮಾರು 0.8 ಗ್ರಾಂ ಪ್ರೋಟೀನ್ ಸಾಕು ಎಂಬುದು 2024ರ ಅಂತಾರಾಷ್ಟ್ರೀಯ ಮಾರ್ಗಸೂಚಿ. 60 ಕಿಲೋ ತೂಕದವರಿಗೆ 48 ಗ್ರಾಂ. ಬೇಳೆ, ಮೊಸರು, ಅನ್ನ, ರಾಗಿಯಲ್ಲೇ ಅದು ಸಿಗುತ್ತದೆ. ಡಯಾಲಿಸಿಸ್ ಶುರುವಾದ ಮೇಲೆ ಲೆಕ್ಕ ಬೇರೆ. ಆಗ ಹೆಚ್ಚು ಬೇಕಾಗುತ್ತದೆ.

ಎಲ್ಲಕ್ಕಿಂತ ದೊಡ್ಡ ಶತ್ರು ನೋವಿನ ಮಾತ್ರೆ. ಮಗ್ಗದಲ್ಲಿ, ಬನಿಯನ್ ಕಾರ್ಖಾನೆಯಲ್ಲಿ, ತೋಟದಲ್ಲಿ ದುಡಿಯುವವರಿಗೆ ಸೊಂಟನೋವು ತಪ್ಪಿದ್ದಲ್ಲ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಜಾತಿಯ ಮಾತ್ರೆಗಳನ್ನು ಚೀಟಿಯಿಲ್ಲದೆ ವರ್ಷಗಟ್ಟಲೆ ನುಂಗಿದರೆ ಕಿಡ್ನಿಗೆ ಹೋಗುವ ರಕ್ತವೇ ಕಡಿಮೆಯಾಗುತ್ತದೆ. ಸುಡುಬಿಸಿಲಲ್ಲಿ ನೀರು ಕುಡಿಯದೆ ದುಡಿದು, ಮೇಲೆ ಈ ಮಾತ್ರೆ ನುಂಗಿದರೆ ಪೆಟ್ಟು ಇಮ್ಮಡಿ.

"ಕುಡಿದೆ, ಕಡಿಮೆ ಆಯ್ತು" ಏಕೆ ಅನ್ನಿಸುತ್ತದೆ?

ಹಾಗಾದರೆ ರಸ ಕುಡಿದು ವಾಸಿಯಾಯಿತು ಎನ್ನುವವರು ಸುಳ್ಳು ಹೇಳುತ್ತಾರೆಯೇ? ಇಲ್ಲ. ಅವರಿಗೆ ಕಂಡದ್ದನ್ನೇ ಹೇಳುತ್ತಾರೆ. ಮೂಲಿಕೆ ರಸ ಕುಡಿದಾಗ ಮೂತ್ರ ಜಾಸ್ತಿ ಹೋಗಬಹುದು. ಊತ ಸ್ವಲ್ಪ ಇಳಿಯಬಹುದು. ಆದರೆ ನೀರು ಹೋಗುವುದು ಬೇರೆ, ಕಸ ಸೋಸುವುದು ಬೇರೆ.

ಕ್ರಿಯಾಟಿನಿನ್ ಅಂಕಿಯೂ ದಿನದಿಂದ ದಿನಕ್ಕೆ ಅಲ್ಲಾಡುತ್ತದೆ. ಹಿಂದಿನ ದಿನ ಮಾಂಸದೂಟ ಮಾಡಿದ್ದರೆ ಏರುತ್ತದೆ. ಪಥ್ಯದಲ್ಲಿ ಮಾಂಸ ಬಿಟ್ಟರೆ ಇಳಿಯುತ್ತದೆ. ದೇಹ ಸೊರಗಿ ಮಾಂಸಖಂಡ ಕರಗಿದರೂ ಇಳಿಯುತ್ತದೆ. ಅದು ವಾಸಿಯಾದ ಲಕ್ಷಣವಲ್ಲ, ಸೊರಗಿದ ಲಕ್ಷಣ. ವಾಂತಿಭೇದಿಯಿಂದ ನೀರು ಕಡಿಮೆಯಾಗಿ ಏರಿದ ಕ್ರಿಯಾಟಿನಿನ್ ಸರಿಯಾಗಿ ನೀರು ಕುಡಿದಾಗ ತಾನೇ ಇಳಿಯುತ್ತದೆ. ಆ ಹೊತ್ತಿನಲ್ಲಿ ಯಾವ ರಸ ಕುಡಿದಿದ್ದರೂ ಕೀರ್ತಿ ಅದಕ್ಕೇ ಹೋಗುತ್ತದೆ.

ವಾಸಿಯಾದವರು ಊರೆಲ್ಲ ಹೇಳಿಕೊಂಡು ಬರುತ್ತಾರೆ. ಕೆಟ್ಟವರು ಡಯಾಲಿಸಿಸ್ ಮಂಚದ ಮೇಲಿರುತ್ತಾರೆ. ಅವರ ಮಾತು ಬೀದಿಗೆ ಬರುವುದಿಲ್ಲ.

ನಿಜಕ್ಕೂ ಕೆಲಸ ಮಾಡುವುದು ಯಾವುದು?

ಉತ್ತರ ಸಪ್ಪೆ ಎನಿಸಬಹುದು. ಮೊದಲನೆಯದು ಬಿ.ಪಿ. ಮತ್ತು ಸಕ್ಕರೆಯ ಹಿಡಿತ. ಎರಡನೆಯದು ಉಪ್ಪು. ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಚಿಕ್ಕ ಚಮಚ, ಸಾರು ಪಲ್ಯ ಎಲ್ಲ ಸೇರಿ. ಉಪ್ಪಿನಕಾಯಿ, ಹಪ್ಪಳ, ಕರುವಾಡು, ಬೇಕರಿ ಮಿಕ್ಸ್ಚರ್ ಈ ಲೆಕ್ಕವನ್ನು ಕ್ಷಣದಲ್ಲಿ ಕೆಡಿಸುತ್ತವೆ. ಮೂರನೆಯದು ಬೀಡಿ, ಸಿಗರೇಟು ಬಿಡುವುದು.

ನಾಲ್ಕನೆಯದು ಪುರಾವೆಯಿರುವ ಮಾತ್ರೆ. ಮೇಲೆ ಹೇಳಿದ ಬಿ.ಪಿ. ಮಾತ್ರೆಗಳ ಜೊತೆಗೆ ಡಾಪಾಗ್ಲಿಫ್ಲೋಜಿನ್ ಎಂಬ ಮಾತ್ರೆಯನ್ನು 4,304 ಕಿಡ್ನಿ ರೋಗಿಗಳ ಮೇಲೆ ಪರೀಕ್ಷಿಸಿದ ಫಲಿತಾಂಶ 2020ರಲ್ಲಿ ಬಂತು. ಕಿಡ್ನಿ ತೀವ್ರವಾಗಿ ಕುಸಿಯುವ, ಪೂರ್ತಿ ಸೋಲುವ ಅಥವಾ ಕಿಡ್ನಿ, ಹೃದಯ ಕಾರಣದ ಸಾವಿನ ಅಪಾಯ ಒಟ್ಟಾರೆ ನೂರಕ್ಕೆ 39ರಷ್ಟು ಇಳಿದಿತ್ತು. ಪೇಟೆಂಟ್ ಮುಗಿದ ಮೇಲೆ ನಮ್ಮ ದೇಶದಲ್ಲಿ ಇದರ ಬೆಲೆಯೂ ಇಳಿದಿದೆ. ಇದು ಎಲ್ಲರಿಗೂ ಆಗುವುದಿಲ್ಲ, ಡಾಕ್ಟರೇ ತೀರ್ಮಾನಿಸಬೇಕು.

ಸ್ವಾರಸ್ಯವೇನೆಂದರೆ ಈ ಮಾತ್ರೆಯ ಮೂಲವೂ ಗಿಡವೇ. ಸೇಬಿನ ಮರದ ಬೇರಿನ ತೊಗಟೆಯಿಂದ 1835ರಲ್ಲಿ ತೆಗೆದ ಫ್ಲೋರಿಜಿನ್ ಎಂಬ ವಸ್ತು ಮೂತ್ರದಲ್ಲಿ ಸಕ್ಕರೆ ಹೊರಹಾಕಿಸುತ್ತದೆ ಎಂದು ಕಂಡುಕೊಂಡವರು ಅದನ್ನೇ ತಿದ್ದಿ ತೀಡಿ, ಅಳತೆ ಕಟ್ಟಿ, ನೂರೈವತ್ತು ವರ್ಷಗಳಿಗೂ ಮೀರಿದ ಹಾದಿಯಲ್ಲಿ ಮಾತ್ರೆಯಾಗಿಸಿದರು. ಹಾಗೆಂದು ಯಾರೂ ಸೇಬಿನ ತೊಗಟೆ ಕಷಾಯ ಕುಡಿಯುವುದಿಲ್ಲ. ಗಿಡಕ್ಕೂ ಮದ್ದಿಗೂ ನಡುವೆ ಇರುವುದು ಪರೀಕ್ಷೆ ಮತ್ತು ಅಳತೆ.

ಅಡುಗೆಮನೆಯಲ್ಲಿ ಮಾಡಬಹುದಾದ್ದೂ ಇದೆ. ಪೊಟ್ಯಾಸಿಯಂ ಹೆಚ್ಚಿರುವವರು ತರಕಾರಿಯನ್ನು ಸಣ್ಣಗೆ ಹೆಚ್ಚಿ, ಹೆಚ್ಚು ನೀರಿನಲ್ಲಿ ಬೇಯಿಸಿ, ಆ ನೀರು ಬಸಿದು ಚೆಲ್ಲಿ ಪಲ್ಯ ಮಾಡಿಕೊಂಡರೆ ಸಾಕಷ್ಟು ಪೊಟ್ಯಾಸಿಯಂ ಹೊರಹೋಗುತ್ತದೆ. ಬಸಿದ ಕಟ್ಟಿನಲ್ಲಿ ಸಾರು ಮಾಡುವ ನಮ್ಮ ಪದ್ಧತಿ ಇವರಿಗೆ ಮಾತ್ರ ಬೇಡ. ಆದರೆ ಪೊಟ್ಯಾಸಿಯಂ ಸರಿಯಿದ್ದವರು ಹೆದರಿ ಹಣ್ಣು ತರಕಾರಿಯನ್ನೆಲ್ಲ ಬಿಡುವ ಅಗತ್ಯವಿಲ್ಲ. ರಕ್ತ ಪರೀಕ್ಷೆ ನೋಡಿಯೇ ಪಥ್ಯ.

ಎರಡು ಪರೀಕ್ಷೆ ಸಾಕು

ಸಕ್ಕರೆ ಕಾಯಿಲೆ, ಬಿ.ಪಿ. ಇರುವವರು ವರ್ಷಕ್ಕೊಮ್ಮೆ ಎರಡು ಪರೀಕ್ಷೆ ಮಾಡಿಸಬೇಕು. ರಕ್ತದಲ್ಲಿ ಕ್ರಿಯಾಟಿನಿನ್, ಮೂತ್ರದಲ್ಲಿ ಆಲ್ಬುಮಿನ್. ರಿಪೋರ್ಟಿನಲ್ಲಿ ಕ್ರಿಯಾಟಿನಿನ್ ಮಾತ್ರ ನೋಡಿ ಸುಮ್ಮನಾಗಬಾರದು. 60 ವರ್ಷದ ಅಮ್ಮನ ಕ್ರಿಯಾಟಿನಿನ್ 1.4 ಇದ್ದರೆ "ಸ್ವಲ್ಪ ಜಾಸ್ತಿ ಅಷ್ಟೆ" ಎನ್ನುತ್ತೇವೆ. ಲೆಕ್ಕ ಹಾಕಿದರೆ ಇ-ಜಿಎಫ್‌ಆರ್ ಸುಮಾರು 43. ಮೂರನೇ ಹಂತ. ಕಾಪಾಡಿಕೊಳ್ಳಲು ಇನ್ನೂ ಸಮಯವಿರುವ ಹಂತವೂ ಇದೇ.

ತಮಿಳುನಾಡು ಸರ್ಕಾರ 2021ರ ಆಗಸ್ಟ್‌ನಲ್ಲಿ ಶುರುಮಾಡಿದ "ಮಕ್ಕಳೈ ತೇಡಿ ಮರುತ್ತುವಂ" ಯೋಜನೆಯಲ್ಲಿ ಬಿ.ಪಿ., ಸಕ್ಕರೆ ಕಾಯಿಲೆಯ ತಪಾಸಣೆಯೂ ಮಾತ್ರೆಯೂ ಮನೆಬಾಗಿಲಿಗೆ ಬರುವ ವ್ಯವಸ್ಥೆ ಮಾಡಲಾಯಿತು. ಮನೆಯಲ್ಲೇ ಹೊಟ್ಟೆಯ ಮೂಲಕ ಡಯಾಲಿಸಿಸ್ ಮಾಡಿಕೊಳ್ಳುವವರಿಗೆ ದ್ರವದ ಚೀಲಗಳನ್ನೂ ಅದರಲ್ಲಿ ಸೇರಿಸಿದರು. ತಿರುಪ್ಪೂರಿನಲ್ಲಿ 2022ರಿಂದ ಸರ್ಕಾರಿ ಮೆಡಿಕಲ್ ಕಾಲೇಜು ಇದೆ. ಮುಖ್ಯಮಂತ್ರಿ ವಿಮಾ ಯೋಜನೆಯ ಕಾರ್ಡಿಗೆ ಡಯಾಲಿಸಿಸ್ ಸೇರುತ್ತದೆ. ಆದರೂ ವಾರಕ್ಕೆ ಎರಡು ಮೂರು ಸಲ, ಸಲಕ್ಕೆ ನಾಲ್ಕು ಗಂಟೆ ಯಂತ್ರದ ಪಕ್ಕ ಮಲಗುವುದೆಂದರೆ ದುಡಿಯುವವನ ವಾರವೇ ಮುರಿದಂತೆ. ಅವನ ಜೊತೆ ಹೋಗುವವಳ ಕೂಲಿಯೂ ಹೋಗುತ್ತದೆ. ಅದನ್ನು ಐದು ವರ್ಷ ಮುಂದೂಡಿದರೂ ಮಗಳ ಮದುವೆ, ಮಗನ ಓದು ಮುಗಿಯುತ್ತದೆ.

ಬಾಕ್ಸ್: ಡಾಕ್ಟರರ ಹತ್ತಿರ ಹೋಗುವಾಗ

* ತಿನ್ನುತ್ತಿರುವ ಪುಡಿ, ಲೇಹ್ಯ, ರಸ, ವಿಟಮಿನ್ ಡಬ್ಬಿ ಎಲ್ಲವನ್ನೂ ಒಂದು ಚೀಲದಲ್ಲಿ ತೆಗೆದುಕೊಂಡು ಹೋಗಿ.
* ಗಿಡದ ಹೆಸರು ತಮಿಳಿನಲ್ಲಿ ತಿಳಿದುಕೊಳ್ಳಿ. ನೆಗ್ಗಿಲು ಎಂದರೆ ನೆರುಂಜಿಲ್, ಬಾಳೆದಿಂಡು ಎಂದರೆ ವಾಳೈತ್ತಂಡು, ಪುನರ್ನವ ಎಂದರೆ ಮೂಕ್ಕಿರಟ್ಟೈ.
* "ನನ್ನ ಇ-ಜಿಎಫ್‌ಆರ್ ಎಷ್ಟು? ಪೊಟ್ಯಾಸಿಯಂ ಎಷ್ಟು? ಎಳನೀರು ಕುಡಿಯಬಹುದಾ?" ಈ ಮೂರು ಪ್ರಶ್ನೆ ಕೇಳಿ.
* ಬಿ.ಪಿ., ಸಕ್ಕರೆ ಮಾತ್ರೆಗಳನ್ನು ನೀವಾಗಿ ನಿಲ್ಲಿಸಬೇಡಿ. ವಾಂತಿ, ಭೇದಿ, ಜ್ವರ ಬಂದಾಗ ಕೆಲವು ಮಾತ್ರೆಗಳನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕಾಗಬಹುದು. ಕೂಡಲೇ ಕೇಳಿ.
* ಕಿಡ್ನಿ ಕಾಯಿಲೆ ಇರುವವರಿಗೆ ಕಮರಾಕ್ಷಿ, ಬಿಂಬುಳಿ ರಸ, ಈಶ್ವರಿ ಬೇರು, ಹೆಸರಿಲ್ಲದ ಪುಡಿ ಬೇಡವೇ ಬೇಡ.

ಬೈಗುಳದ ಭಯ

ರೋಗಿಗಳು ನಾಟಿ ಮದ್ದಿನ ವಿಷಯ ಮುಚ್ಚಿಡುವುದಕ್ಕೆ ಕಾರಣ ಒಂದೇ, ಡಾಕ್ಟರು ಬೈಯುತ್ತಾರೆಂಬ ಭಯ. ಬೈಗುಳ ತಿಂದ ಮೇಲೆ ಮತ್ತೊಮ್ಮೆ ಯಾರೂ ಹೇಳುವುದಿಲ್ಲ. ಹೇಳದಿದ್ದರೆ ಪೊಟ್ಯಾಸಿಯಂ ಏಕೆ ಏರಿತೆಂದು ಡಾಕ್ಟರರಿಗೂ ತಿಳಿಯುವುದಿಲ್ಲ. ಕೇಳುವವರು ಸಮಾಧಾನದಿಂದ ಕೇಳಬೇಕು, ಹೇಳುವವರು ನಾಚದೆ ಹೇಳಬೇಕು.

ಇನ್ನು ಆ ಮನೆಗೆ ಬಂದು ಕೂತ ದೊಡ್ಡಪ್ಪ, ಅತ್ತಿಗೆ, ಭಾವ ಮಾಡಬೇಕಾದ್ದೇನು? ಪ್ರೀತಿ ತೋರಿಸಲು ಬೇರೆ ದಾರಿಗಳಿವೆ. ಆಸ್ಪತ್ರೆಗೆ ಜೊತೆಗೆ ಹೋಗಬಹುದು. ಉಪ್ಪು ಕಡಿಮೆ ಹಾಕಿದ ಸಾರನ್ನು ಅವರೊಟ್ಟಿಗೆ ಕೂತು ಉಣ್ಣಬಹುದು. ತಿಂಗಳ ಮಾತ್ರೆಗೆ ದುಡ್ಡು ಸಾಲದಿದ್ದರೆ ನೂರು ಇನ್ನೂರು ಕೈಗಿಡಬಹುದು.

ಎಳನೀರಿನ ಗೊನೆ ವಾಪಸು ಕಳಿಸಿದರೆ ಭಾವ ಬೇಸರ ಮಾಡಿಕೊಳ್ಳಲಿಕ್ಕಿಲ್ಲ. ಕಾರಣ ಹೇಳಿದರೆ ಸಾಕು.